ಮಾಗಡಿ ಕೆರೆಗೆ ಹೋಗುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುವ ಕಾಲ ಹತ್ತಿರವಾಯಿತು. ಹಿಮಾಲಯ ದಾಟಿ ಬರುವ ಹಕ್ಕಿಗಳು ಇವು! ಮೊದಲ ಹಿಂಡು ಯಾರಿಗೆ ಕಂಡರೂ ದಿನಾಂಕ, ಸಮಯ, ಅಂದಾಜು ಸಂಖ್ಯೆ ಇಲ್ಲಿ ಹಾಕಿ. ಫೋಟೊ ಮಸುಕಾಗಿದ್ದರೂ ಪರವಾಗಿಲ್ಲ.

ಕೊರಳಲ್ಲಿ ನಂಬರ್ ಪಟ್ಟಿ ಕಂಡರೆ ಮಾತ್ರ ಅದರ ಬಣ್ಣ, ಅಕ್ಷರ, ಅಂಕಿ ತಪ್ಪದೆ ಬರೆದುಕೊಳ್ಳಿ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿದ ಹೆಬ್ಬಾತುಗಳು ಹಿಂದೆ ನಮ್ಮ ರಾಜ್ಯದಲ್ಲಿ ಕಂಡಿವೆ. ಆ ನಂಬರಿನಿಂದಲೇ ಹಕ್ಕಿ ಎಲ್ಲಿಂದ ಬಂತು ಅಂತ ತಿಳಿಯುವುದು, ಅಲ್ವಾ?

ಹಗಲು ಅವು ಕೆರೆಯಲ್ಲಿ ದಣಿವಾರಿಸಿಕೊಳ್ಳುತ್ತವೆ. ಫೋಟೊಗಾಗಿ ಹತ್ತಿರ ಹೋಗಿ ಸುಮ್ನೆ ಎಬ್ಬಿಸಬೇಡಿ. ಡ್ರೋನ್ ಬೇಡವೇ ಬೇಡ. ಕತ್ತಲಾದ ಮೇಲೆ ಮೇಯಲು ಹೋಗುವುದು ಸುತ್ತಲಿನ ಹೊಲಗಳಿಗೆ. ಬೆಳೆ ತುಳಿಯದೆ ಬದುವಿನ ಮೇಲೆ ನಿಲ್ಲಿ, ಹೊಲದವರನ್ನು ಮೊದಲೇ ಕೇಳಿ.