ಕಡಲಿಗೆ ಬೆನ್ನು ಹಾಕಿದ ನದಿ

ಓದುಗ ಮಿತ್ರರೇ,

ಈ ಡಿಸೆಂಬರ್ ಸಂಚಿಕೆ ನಿಮ್ಮ ಕೈ ಸೇರುವಾಗ ಇಲ್ಲಿ ನ್ಯೂಜಿಲೆಂಡಿನಲ್ಲಿ ಬೇಸಿಗೆ ರಜೆಯ ಗಡಿಬಿಡಿ. ಇದೇ ಹೊತ್ತಿಗೆ ನಮ್ಮ ದಕ್ಷಿಣಕ್ಕೆ, ಅಂಟಾರ್ಕ್ಟಿಕಾದಲ್ಲಿ, ಓನಿಕ್ಸ್ ನದಿ ಹರಿಯಲು ಶುರುಮಾಡುತ್ತದೆ. ಉದ್ದ ಸುಮಾರು 32 ಕಿಲೋಮೀಟರ್ ಅಷ್ಟೇ. ಆದರೂ ಆ ಖಂಡಕ್ಕೆಲ್ಲ ಅದೇ ಅತಿ ಉದ್ದದ ನದಿ. ಹರಿಯುವುದು ಬೇಸಿಗೆಯ ಕೆಲವು ವಾರ ಮಾತ್ರ.

ನಮ್ಮ ತುಂಗೆ, ಕಾವೇರಿ ಪಡುವಣ ಕಡಲಿಗೆ ಅಷ್ಟು ಹತ್ತಿರ ಹುಟ್ಟಿ ಮೂಡಣಕ್ಕೆ ಹೊರಡುತ್ತವೆ, ಅಲ್ವಾ? ಕೊನೆಗೆ ಬಂಗಾಳ ಕೊಲ್ಲಿಯನ್ನಾದರೂ ಸೇರುತ್ತವೆ. ಓನಿಕ್ಸ್‌ಗೆ ಆ ಭಾಗ್ಯವೂ ಇಲ್ಲ. ಕರಾವಳಿ ಪಕ್ಕದ ಹಿಮನದಿ ಕರಗಿ ಹುಟ್ಟುವ ಅದು ಒಳನಾಡಿನ ವಾಂಡಾ ಸರೋವರಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ನೀರು ಹೊರಗೆ ಹರಿಯುವುದಿಲ್ಲ. ಮೇಲಿನ ಮಂಜುಗಡ್ಡೆ ಒಣಗಾಳಿಗೆ ಆವಿಯಾಗಬೇಕು, ಅಷ್ಟೇ.

ಈ ನದಿಯಲ್ಲಿ ಮೀನಿಲ್ಲ. ದಡದಲ್ಲಿ ಮರವಿಲ್ಲ, ಹುಲ್ಲೂ ಇಲ್ಲ. 1903ರಲ್ಲಿ ಹತ್ತಿರದ ಟೇಲರ್ ಕಣಿವೆಗೆ ಇಳಿದ ಬ್ರಿಟಿಷ್ ಅನ್ವೇಷಕ ರಾಬರ್ಟ್ ಸ್ಕಾಟ್‌ಗೆ ಒಂದು ಜೀವವೂ ಕಾಣಲಿಲ್ಲವಂತೆ. ಪಾಪ, ಹಳ್ಳದ ಕಲ್ಲುಗಳನ್ನು ಬಗ್ಗಿ ನೋಡಬೇಕಿತ್ತು. ಇಲ್ಲಿನ ಹಳ್ಳಗಳಲ್ಲಿ ಕಪ್ಪು, ಕಿತ್ತಳೆ ಬಣ್ಣದ ಪಾಚಿ ಪದರಗಳಿವೆ. ಬಹುಪಾಲು ಸಯನೋಬ್ಯಾಕ್ಟೀರಿಯಾ, ಅಂದರೆ ಗಿಡಗಳಂತೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಟಾರ್ಡಿಗ್ರೇಡ್, ರೋಟಿಫರ್, ನೆಮಟೋಡ್ ಹುಳುಗಳಂಥ ಸಣ್ಣ ಸಣ್ಣ ಜೀವಿಗಳ ಸಂಸಾರವೆಲ್ಲ ಅದರಲ್ಲೇ. ನೀರು ನಿಂತಾಗ ಪದರ ಒಣಗುತ್ತದೆ, ಹೆಪ್ಪುಗಟ್ಟುತ್ತದೆ, ಸಾಯುವುದಿಲ್ಲ. ಟೇಲರ್ ಕಣಿವೆಯಲ್ಲಿ ಸುಮಾರು ಎರಡು ದಶಕ ಬತ್ತಿದ್ದ ಹಳ್ಳವೊಂದಕ್ಕೆ 1990ರ ದಶಕದಲ್ಲಿ ವಿಜ್ಞಾನಿಗಳು ನೀರು ತಿರುಗಿಸಿದರು. ಒಂದೇ ವಾರಕ್ಕೆ ಪಾಚಿ ತುಂಬಿಕೊಂಡಿತು! ಹೊರಗಿನಿಂದ ಬಂದದ್ದಲ್ಲ, ಅಲ್ಲೇ ಕಾದು ಕೂತಿದ್ದದ್ದು.

ವಾಂಡಾ ಇನ್ನೂ ತಮಾಷೆ. ಮೇಲೆ ಮೂರು ಮೀಟರಿಗೂ ಜಾಸ್ತಿ ದಪ್ಪದ ಮಂಜುಗಡ್ಡೆ, ತಳದಲ್ಲಿ 20 ಡಿಗ್ರಿ ದಾಟಿದ ನೀರು. ಬಿಸಿನೀರಿನ ಬುಗ್ಗೆಯೇನೂ ಇಲ್ಲ. ಮಂಜುಗಡ್ಡೆ ತೂರಿಬಂದ ಬಿಸಿಲು ತಳದ ಉಪ್ಪುನೀರನ್ನು ಕಾಯಿಸುತ್ತದೆ. ಉಪ್ಪಿನಿಂದ ಭಾರವಾದ ಆ ನೀರು ಮೇಲೆ ಬರುವುದಿಲ್ಲ, ಶಾಖ ಅಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ಅಂಚು ಮಾತ್ರ ಕರಗುತ್ತದೆ. ಹಿಂದೆ ಅಲ್ಲಿದ್ದ ನ್ಯೂಜಿಲೆಂಡ್ ಸಂಶೋಧನಾ ನೆಲೆಯಲ್ಲಿ ಈಜು ಕ್ಲಬ್ ಬೇರೆ ಇತ್ತು. ಸದಸ್ಯರಾಗಬೇಕಾದರೆ ಆ ಕೊರೆಯುವ ನೀರಿಗೆ ಬಟ್ಟೆಯಿಲ್ಲದೆ ಇಳಿಯಬೇಕು!

ಹಾಗಾದರೆ ಜಾಸ್ತಿ ಕರಗಿದಷ್ಟೂ ಜೀವಕ್ಕೆ ಒಳ್ಳೆಯದೇ? ನನಗೆ ಹಾಗನ್ನಿಸುವುದಿಲ್ಲ. ನೀರು ರಭಸವಾಗಿ ಬಂದರೆ ಪದರವನ್ನೇ ಕಿತ್ತೊಯ್ಯುತ್ತದೆ. ಸರೋವರ ಏರಿದರೆ ತಳದ ಪಾಚಿಗೆ ಬೆಳಕು ಕಡಿಮೆ. 2001-02ರ ಬೆಚ್ಚನೆಯ ಬೇಸಿಗೆಯಲ್ಲಿ ಈ ಕಣಿವೆಗಳ ಹಳ್ಳಗಳು ಉಕ್ಕಿ ಹರಿದು ಸರೋವರಗಳನ್ನು ಏರಿಸಿದವು. ವಾಂಡಾ ಅದಕ್ಕೂ ಮೊದಲೇ ಏರುತ್ತಿತ್ತು. ದಡದಲ್ಲಿದ್ದ ಆ ನ್ಯೂಜಿಲೆಂಡ್ ನೆಲೆಯನ್ನು 1990ರ ದಶಕದಲ್ಲಿ ಬಿಚ್ಚಿ ಸಾಗಿಸಿದ್ದು ಅದಕ್ಕೇ.