ತಟ್ಟೆಯ ಬೆನ್ನು

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಪಿಂಗಾಣಿ ಚಿತ್ರಗಳೆಲ್ಲ ಎಲ್ಲಿಂದಲೋ ಎತ್ತಿದ ನಕಲು ಎಂದು ಸಹಪಾಠಿಗಳು ಆಡಿಕೊಂಡರಂತೆ, ನೀನು ಕುಂಚ ಕೆಳಗಿಟ್ಟೆಯಂತೆ. ಲಂಡನ್ನಿನಲ್ಲಿದ್ದುಕೊಂಡು ಇಷ್ಟಕ್ಕೇ ಸೋಲುವುದೇ? ಭಾನುವಾರ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿ ಇಟಲಿಯ ಮಯೋಲಿಕ ತಟ್ಟೆಗಳ, ಅಂದರೆ ಬಿಳಿ ಮೆರುಗಿನ ಮೇಲೆ ಚಿತ್ರ ಬರೆದ ಮಣ್ಣಿನ ತಟ್ಟೆಗಳ, ಮುಂದೆ ನಿಲ್ಲು.

ಫ್ರಾಂಚೆಸ್ಕೊ ಕ್ಸಾಂಟೊ ಅವೆಲ್ಲಿ ಎಂಬವನನ್ನು ಹುಡುಕು. ರೋವಿಗೊದವನು, 1530ರ ದಶಕದಲ್ಲಿ ಉರ್ಬಿನೊದಲ್ಲಿ ದುಡಿದ. ರೋಮಿನ ಒವಿಡ್ ಕವಿಯ ಪುರಾಣಕಥೆಗಳನ್ನು ತಟ್ಟೆಯ ಅಂಚಿನವರೆಗೂ ತುಂಬಿದವನು. ಆದರೆ ಅವನ ದೇವದೇವತೆಯರಲ್ಲಿ ಹೆಚ್ಚಿನವರು ಎರವಲು! ರೈಮೊಂಡಿ ಮುಂತಾದ ಕೆತ್ತನೆಗಾರರು ಅಚ್ಚು ಹಾಕಿದ ಚಿತ್ರದ ಹಾಳೆಗಳಿಂದ ಇಲ್ಲಿಂದೊಬ್ಬನನ್ನು, ಅಲ್ಲಿಂದೊಬ್ಬಳನ್ನು ಎತ್ತಿ ತನ್ನ ಕಥೆಯೊಳಗೆ ನಿಲ್ಲಿಸುತ್ತಿದ್ದ. ಹಾಳೆಯಲ್ಲಿ ಹೆಣ್ಣಾಗಿದ್ದ ಮೈ ತಟ್ಟೆಯಲ್ಲಿ ಗಂಡಾದದ್ದೂ ಉಂಟು. ಎಲ್ಲ ಕಡೆ ಗೆದ್ದಿಲ್ಲ ಅನ್ನು. ಕೆಲವು ತಟ್ಟೆಗಳಲ್ಲಿ ಅವರೆಲ್ಲ ಒಂದೇ ಬಸ್ಸಿಗೆ ಕಾದ ಅಪರಿಚಿತರಂತೆ ಕಾಣುತ್ತಾರೆ.

ಆ ಕೆಲಸದ ಕಷ್ಟ ಬೇರೆಯೇ ಇದೆ. ಒಮ್ಮೆ ಸುಟ್ಟ ತಟ್ಟೆಯನ್ನು ತವರ ಬೆರೆತ ಮೆರುಗಿನ ನೀರಿನಲ್ಲಿ ಅದ್ದಿದರೆ ಮೇಲೆ ಹಿಟ್ಟಿನಂಥ ಬಿಳಿ ಪದರ ಒಣಗಿ ಕೂರುತ್ತದೆ. ಕುಂಚ ತಾಗಿತೋ ಇಲ್ಲವೋ, ಸುಣ್ಣದ ಗೋಡೆ ಹನಿ ನೀರನ್ನು ಕುಡಿಯುವಂತೆ ಅದು ಬಣ್ಣವನ್ನು ಹೀರಿಬಿಡುತ್ತದೆ. ರಂಗೋಲಿಯ ಎಳೆ ತಪ್ಪಿದರೆ ನಿನ್ನಮ್ಮ ಅಂಗೈಯಲ್ಲಿ ಒರೆಸುತ್ತಿದ್ದಳಲ್ಲ, ಆ ಸೌಕರ್ಯ ಅಲ್ಲಿಲ್ಲ. ಸಣ್ಣ ಗೆರೆಗೆ ಇಲಿಯ ಮೀಸೆಯ ಕುಂಚ ಎಂದು ಇಟಲಿಯ ಪಿಕ್ಕೋಲ್ಪಾಸ್ಸೊ 1557ರ ಸುಮಾರಿಗೆ ಕುಂಬಾರಿಕೆಯ ಪುಸ್ತಕದಲ್ಲಿ ಬರೆದಿದ್ದಾನೆ. ಅವನ ಹಸ್ತಪ್ರತಿಯೂ ಅದೇ ಮ್ಯೂಸಿಯಂನಲ್ಲಿದೆ. ಆಮೇಲೆ ಮತ್ತೆ ಆವಿಗೆಯ ಬೆಂಕಿ. ಎರವಲು ತಂದ ಆಕೃತಿಯ ಕಾಲಾದರೂ ಅದು ಹಾಗೇಕೆ ಮಡಚಿದೆ ಎಂದು ಕೈಗೆ ಮೊದಲೇ ಗೊತ್ತಿರಬೇಕು. ನಿನ್ನ ಕೈಗೆ ಅದು ಗೊತ್ತಿದೆಯೇ? ನಕಲು ಎಂದು ಅಳುವ ಬದಲು ಇದನ್ನು ಕೇಳಿಕೋ. ಒಂದೇ ಆಕೃತಿಯನ್ನು ಕಣ್ಣು ಮುಚ್ಚಿದರೂ ಬರುವಷ್ಟು ಸಲ ಕಾಗದದ ಮೇಲೆ ಬರೆ.

ಇನ್ನೊಂದು. ಕ್ಸಾಂಟೊ ತಟ್ಟೆಯ ಬೆನ್ನಿಗೆ ಇಸವಿ, ಕಥೆ, ತನ್ನ ಹೆಸರು, ಊರು ಬರೆಯುತ್ತಿದ್ದ. ಆಕೃತಿಗಳನ್ನು ಯಾರಿಂದ ಎರವಲು ಪಡೆದೆ ಎಂಬುದನ್ನು ಮಾತ್ರ ಬರೆಯುತ್ತಿರಲಿಲ್ಲ. ಅದೊಂದು ನನಗೆ ಹಿಡಿಸುವುದಿಲ್ಲ. ನೀನು ಅದನ್ನೂ ಬರೆ. ಮುಂದಿನ ತಟ್ಟೆ ಆವಿಗೆಯಿಂದ ಬಂದೊಡನೆ ಮೊದಲು ಬೆನ್ನಿನ ಫೋಟೊ ಕಳಿಸು.

ಅತ್ತೆ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ. ಹೊರಡುವವರು ಸಿಕ್ಕರೆ ಕೊಟ್ಟು ಕಳಿಸುತ್ತೇನೆ.

ಇಂತು,
ನಿನ್ನ ಮಾವ