ಅರವತ್ತು ದಾಟಿದವರಿಗೂ ಫ್ಲೂ ಲಸಿಕೆ ಕೊಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಹಾರಾಷ್ಟ್ರದ ಮಾನ್ಯ ಆರೋಗ್ಯ ಸಚಿವರಿಗೆ, ಪುಣೆಯಿಂದ ನಮಸ್ಕಾರ.

ಕಚೇರಿಗಳಿಗೆ ಮರಾಠಿಯಲ್ಲಿ ಅರ್ಜಿ ಕೊಟ್ಟೆ, ಇಂಗ್ಲಿಷಿನಲ್ಲಿ ಇಮೇಲ್ ಮಾಡಿದೆ. ಉತ್ತರ ಇಲ್ಲ. ಈ ಸಲ ನನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಉತ್ತರ ಬರದಿದ್ದರೆ ಕನ್ನಡ ತಿಳಿಯಲಿಲ್ಲ ಅಂತ ಸಮಾಧಾನವಾದರೂ ಮಾಡಿಕೊಳ್ಳಬಹುದು.

ಕೇಳುವುದು ಒಂದೇ. ಮಳೆಗಾಲಕ್ಕೆ ಮುಂಚೆ, ಅರವತ್ತು ದಾಟಿದ ಎಲ್ಲರಿಗೂ ಸರಕಾರಿ ದವಾಖಾನೆಯಲ್ಲಿ ಫ್ಲೂ ಲಸಿಕೆ ಪುಕ್ಕಟೆ ಸಿಗಬೇಕು. ಪ್ರತಿ ವರ್ಷ.

ನಮ್ಮ ಅವ್ವನಿಗೆ 78. ಸಕ್ಕರೆ ಕಾಯಿಲೆ, ದಮ್ಮು ಎರಡೂ ಇವೆ. ಹೋದ ವರ್ಷ ಮಳೆ ಶುರುವಾಗುವ ಮೊದಲೇ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಟೇಬಲ್ ಹಿಂದೆ ಕೂತವರು ತಲೆ ಎತ್ತದೆ "ಆತಾ ಯಾ ವಯಾತ ಲಸ ಕಶಾಲಾ?" ಅಂದರು. ಈ ವಯಸ್ಸಿಗೆ ಲಸಿಕೆ ಯಾಕೆ ಅಂತ! ಮದುವೆಯಾಗಿ ವಿಜಯಪುರದಿಂದ ಬಂದಾಗಿನಿಂದ ಅವ್ವ ಇಲ್ಲೇ ಇದ್ದಾಳೆ, ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. "ನಡಿ, ಮನೀಗೆ ಹೋಗೋಣು" ಅಂದಳು. ಆಗಸ್ಟಿನಲ್ಲಿ ಜ್ವರ ಹಿಡಿಯಿತು. ಎದೆಗೆ ಇಳಿದು ನ್ಯುಮೋನಿಯಾ ಆಗಿ ಐಸಿಯು ಸೇರಿದಳು. ರಿಪೋರ್ಟಿನಲ್ಲಿ ಫ್ಲೂ ಅಂತ ಬಂತು. ಪುಣ್ಯಕ್ಕೆ ಉಳಿದಳು. ಬಿಲ್ ಕಟ್ಟಲು ತಂಗಿ ಬಳೆ ಅಡವಿಟ್ಟಳು. ಆ ದುಡ್ಡಿಗೆ ನಮ್ಮ ಓಣಿಯ ಅಜ್ಜ ಅಜ್ಜಿಯರಿಗೆಲ್ಲ ಲಸಿಕೆ ಹಾಕಿಸಬಹುದಿತ್ತು.

ನಿಮಗೆ ಗೊತ್ತಿರುವುದೇ. ವಯಸ್ಸಾದವರ ಮೈಯಲ್ಲಿ ಮಾಮೂಲಿ ಲಸಿಕೆ ಅಷ್ಟು ಕೆಲಸ ಮಾಡುವುದಿಲ್ಲ. ಅದಕ್ಕೇ ಅಮೆರಿಕದಲ್ಲಿ 65 ದಾಟಿದವರಿಗೆ 2009ರಲ್ಲೇ ಹೈ-ಡೋಸ್ ಲಸಿಕೆಗೆ ಒಪ್ಪಿಗೆ ಸಿಕ್ಕಿತು. ಮಾಮೂಲಿಯದರಲ್ಲಿ ಪ್ರತಿ ವೈರಸ್ ತಳಿಗೆ 15 ಮೈಕ್ರೋಗ್ರಾಂ ಆಂಟಿಜೆನ್ (ಮೈಗೆ ರೋಗದ ಗುರುತು ಹಿಡಿಸುವ ವೈರಸ್ಸಿನ ಅಂಶ), ಇದರಲ್ಲಿ 60. ಸುಮಾರು 32 ಸಾವಿರ ಹಿರಿಯರಲ್ಲಿ ಎರಡನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಹೈ-ಡೋಸ್ ಪಡೆದವರಲ್ಲಿ ಫ್ಲೂ ಶೇ. 24ರಷ್ಟು ಕಡಿಮೆ ಇತ್ತು. 2022ರಿಂದ ಅಲ್ಲಿ ಹಿರಿಯರಿಗೆ ಹೈ-ಡೋಸ್‌ನಂಥ ಲಸಿಕೆಗಳಿಗೇ ಮೊದಲ ಆದ್ಯತೆ.

ಅವರು 15 ಸಾಕಾ, 60 ಬೇಕಾ ಅಂತ ಲೆಕ್ಕ ಹಾಕುತ್ತಾರೆ. ನಮ್ಮ ಅವ್ವನಿಗೆ ಸಿಕ್ಕಿದ್ದು ಸೊನ್ನೆ. ಅದೂ ಎಲ್ಲಿ? ಜಗತ್ತಿಗೆಲ್ಲ ಲಸಿಕೆ ಮಾಡಿ ಕಳಿಸುವ ಪುಣೆಯಲ್ಲಿ. 2009ರಲ್ಲಿ ಹಂದಿಜ್ವರ ಅನ್ನುವ ಫ್ಲೂಗೆ ದೇಶದ ಮೊದಲ ಸಾವು ಕಂಡ ಪುಣೆಯಲ್ಲಿ.

ನಾಳೆಯೇ 60 ಕೊಡಿ ಅನ್ನುತ್ತಿಲ್ಲ. ಮೊದಲು 15 ಕೊಡಿ. ದವಾಖಾನೆಯಲ್ಲಿ, ಪುಕ್ಕಟೆ, ಮೇ ಮುಗಿಯುವುದರೊಳಗೆ. ಹೈ-ಡೋಸ್ ಬಗ್ಗೆ ತಜ್ಞರನ್ನು ಕೂರಿಸಿ ಕೇಳಿ. ಸುಮ್ನೆ ಕೂರಿಸುವುದಲ್ಲ, ಯಾವಾಗ ಹೇಳುತ್ತಾರೆ ಅಂತ ತಾರೀಖನ್ನೂ ತಿಳಿಸಿ. ಚುನಾವಣೆ ದಿನ ಮನೆ ಬಾಗಿಲಿಗೆ ರಿಕ್ಷಾ ಕಳಿಸಿದಾಗ ಅವ್ವನ ವಯಸ್ಸು ಯಾರಿಗೂ ಜಾಸ್ತಿ ಅನ್ನಿಸಿರಲಿಲ್ಲ, ಅಲ್ವಾ?

ಮೇ ಮುಗಿಯುವುದರೊಳಗೆ ಲಸಿಕೆ ಕೊಡಿ.

ಇಂತಿ,
ಪುಣೆಯ ಒಬ್ಬ ಕನ್ನಡಿಗ ಮತದಾರ